ಮಾದೇವಿಯ ಗಂಬೂಟಿಗೆ ಒಂದು ವರ್ಷದ ಗ್ಯಾರಂಟಿ

ಕೇಳುವವರು ಹತ್ತಿರ ಬನ್ನಿ. ಪಿಸುಪಿಸು ಮಾಡುವವರು ಅದನ್ನು ಮುಗಿಸಿಕೊಂಡೇ ಬನ್ನಿ, ನಡುವೆ ಬಾಯಿ ಹಾಕಿದರೆ ಕತೆ ಅಲ್ಲಿಗೇ ನಿಂತುಬಿಡುತ್ತದೆ.

ನಡುಕುರ್ವೆ ಅಂತ ಒಂದು ಊರು. ಹೊಳೆ ಸಮುದ್ರ ಸೇರುವ ಅಳಿವೆಯ ಮಧ್ಯೆ, ಸುತ್ತಲೂ ಉಪ್ಪುನೀರು, ನಡುವೆ ಒಂದಿಷ್ಟು ಮನೆ. ಅಲ್ಲಿ ಮಾದೇವಿ ಅಂತ ಒಬ್ಬಳು. ಗಂಡ ಯಾವತ್ತೋ ಹೋಗಿದ್ದ. ಇದ್ದವನು ಒಬ್ಬ ಮಗ, ಜಟ್ಟಪ್ಪ. ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರದ ಆಳು. ಅಕ್ಕಿಮೂಟೆಯನ್ನು ಹೆಗಲಿಗೇರಿಸಿಕೊಂಡು ಹಾಡು ಹೇಳುತ್ತಾ ನಡೆಯುವವನು. ಹೇಳಿದ ಕೆಲಸಕ್ಕೆ ಒಂದು ದಿನವೂ ಇಲ್ಲ ಅಂದವನಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ.

ಆ ಊರಿನ ಹೆಂಗಸರ ಕಸುಬು ಬಳಚು ತೆಗೆಯುವುದು. ಬಳಚು ಅಂದರೆ ಅಳಿವೆಯ ಕೆಸರಿನಲ್ಲಿ ಹುದುಗಿಕೊಂಡಿರುವ ಚಿಪ್ಪುಮೀನು. ಇಳಿತ ಬಂದಾಗ ನೀರಿಗಿಳಿಯುವುದು, ಕಾಲಿನಲ್ಲೇ ತಡಕುವುದು, ಸಿಕ್ಕಿದ್ದನ್ನು ಬಗ್ಗಿ ತೆಗೆದು ಸೊಂಟಕ್ಕೆ ಕಟ್ಟಿದ ತೇಲುವ ಪಾತ್ರೆಗೆ ಹಾಕುವುದು. ಒಮ್ಮೆ ಮಾದೇವಿಗೆ ಜ್ವರ ಬಂತು. ಮಗನನ್ನೇ ಕಳಿಸಿದಳು.

"ತಮಾ, ಬಾಯಿ ಮುಚ್ಚಿದ ಬಳಚಿಗೆ ಜೀವ ಅದೆ. ಬಾಯಿ ಬಿಟ್ಟದ್ದು ಸತ್ತದ್ದು. ಬಾಯಿ ಬಿಟ್ಟದ್ದು ಕಂಡರೆ ಎಸೆದುಬಿಡು."

"ಹೂಂ, ಅಬ್ಬೇ."

ಜಟ್ಟಪ್ಪ ಪಾತ್ರೆ ತುಂಬಾ ತಂದ. ಎಲ್ಲಾ ಬಾಯಿ ಮುಚ್ಚಿದ್ದೇ. ಒಳಗಿನ ಹೊಯ್ಗೆ, ಅಂದರೆ ಮರಳು, ಬಿಡಲಿ ಅಂತ ಮಾದೇವಿ ಅದನ್ನು ನೀರಲ್ಲಿ ಹಾಕಿಡಲು ಹೇಳಿ ಮಲಗಿದಳು. ಮನೆಯ ನೀರಾದರೂ ನೀರೇ ತಾನೆ, ಬಳಚುಗಳು ಉಸಿರಾಡಲು ಒಂದೊಂದಾಗಿ ಬಾಯಿ ತೆರೆದವು. ಜಟ್ಟಪ್ಪ ಪಕ್ಕದಲ್ಲೇ ಕೂತು ಕಾಯುತ್ತಿದ್ದ. ಒಂದು ಬಾಯಿ ಬಿಟ್ಟಿತು, ಎಸೆದ. ಇನ್ನೊಂದು ಬಿಟ್ಟಿತು, ಎಸೆದ. ಮಾದೇವಿ ಏಳುವ ಹೊತ್ತಿಗೆ ಪಾತ್ರೆಯಲ್ಲಿ ನೀರು ಮಾತ್ರ ಇತ್ತು.

"ಎಲ್ಲೋ ಬಳಚು?"

"ಎಲ್ಲಾ ಸತ್ತುಹೋಯ್ತು ಅಬ್ಬೇ. ಪಾಪ."

ಮಾದೇವಿ ಹಣೆ ಹಣೆ ಬಡಿದುಕೊಂಡಳು. ಅವತ್ತಿನಿಂದ ಮಗನನ್ನು ಅಳಿವೆಗೆ ಕಳಿಸುವುದನ್ನು ಬಿಟ್ಟಳು. ತಾನಿರುವ ತನಕ ತಾನೇ ಇಳಿದರಾಯಿತು ಅಂದುಕೊಂಡಳು.

ಹೀಗಿರುವಾಗ ಒಂದು ದಿನ ಒಡೆದ ಚಿಪ್ಪೊಂದು ಅವಳ ಎಡಗಾಲಿನ ಹಿಮ್ಮಡಿಯನ್ನು ಸೀಳಿತು. ಮಾದೇವಿಗೆ ಸಕ್ಕರೆ ಕಾಯಿಲೆ. ಗಾಯ ಒಣಗುವ ಹಾಗಿಲ್ಲ, ಕೂತು ಉಣ್ಣುವ ಹಾಗೂ ಇಲ್ಲ. ಆಚೆ ದಡದ ಸಿಗಡಿ ಕೆರೆಯ ಆಳುಗಳು ತೊಡೆಯವರೆಗೆ ಬರುವ ಗಂಬೂಟು ಹಾಕಿಕೊಂಡು ನೀರಲ್ಲಿ ನಡೆಯುವುದನ್ನು ಅವಳು ಕಂಡಿದ್ದಳು. ಕುಂಟಿಕೊಂಡೇ ಪೇಟೆಗೆ ಹೋಗಿ, ಬಲೆ, ಹಗ್ಗ, ರಬ್ಬರು ಸಾಮಾನು ಮಾರುವ ಉಪೇಂದ್ರ ಶಾನಭಾಗರ ಅಂಗಡಿಯಲ್ಲಿ ಒಂದು ಜೊತೆ ಬೂಟು ತಂದಳು. ಕರೀ ಪಟ್ಟಿಯ ಬೂಟು. ಒಂದು ವರ್ಷದ ಗ್ಯಾರಂಟಿ.

"ಹಾಕ್ಕೊಂಡು ಸಮುದ್ರಕ್ಕೇ ಇಳಿ, ಮಾದೇವಿ," ಅಂದಿದ್ದರು ಶಾನಭಾಗರು. "ಒಂದು ಹನಿ ಒಳಗೆ ಬಂದರೆ ನನ್ನನ್ನು ಕೇಳು."

ಹಾಕಿಕೊಂಡು ಅಳಿವೆಗೆ ಇಳಿದ ಮೊದಲ ದಿನವೇ ಎಡಗಾಲಿನ ಬೂಟಿನ ಅಟ್ಟೆ ಕೂಡಿದ ಕಡೆ ನೀರು ನುಗ್ಗಿತು. ಹೊರಗೆ ಹೋಗಲು ದಾರಿ ಇಲ್ಲದ ಉಪ್ಪುನೀರು, ಒಳಗೆ ಹಸಿ ಗಾಯ. ಎರಡೂ ಸೇರಿ ಇಡೀ ಹೊತ್ತು ನೆನೆದವು. ಸಂಜೆಗೆ ಕಾಲು ಬಾತುಕೊಂಡಿತು. ಜಟ್ಟಪ್ಪ ತಾಯಿಯನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದ.

ಡಾಕ್ಟರಮ್ಮ ಗಾಯ ತೊಳೆದು ಕಟ್ಟಿದರು. ಆಮೇಲೆ ತಾಯಿಗೆ ಹೇಳಿ ಪ್ರಯೋಜನವಿಲ್ಲ ಅಂದುಕೊಂಡರೋ ಏನೋ, ಮಗನನ್ನು ಎದುರಿಗೆ ನಿಲ್ಲಿಸಿಕೊಂಡರು.

"ನೋಡಪ್ಪಾ, ಅಮ್ಮನ ಕಾಲು ನೀರಿಗೆ ಇಳಿಯಬಾರದು. ಇಳಿದರೆ ಕಾಲನ್ನೇ ತೆಗೆಯಬೇಕಾಗ್ತದೆ. ನೋಡಿಕೊಳ್ಳೋದು ನಿನ್ನ ಜವಾಬ್ದಾರಿ."

"ಹೂಂ," ಅಂದ ಜಟ್ಟಪ್ಪ.

ಡಾಕ್ಟರಮ್ಮ ಇದನ್ನು ದಿನಕ್ಕೆ ಹತ್ತು ಜನಕ್ಕೆ ಹೇಳುವವರು, ಹೇಳಿ ಮರೆತರು. ಮಾದೇವಿ ಬಾಗಿಲು ದಾಟುವಾಗಲೇ ಮರೆತಳು. ಜಟ್ಟಪ್ಪ ಮರೆಯಲಿಲ್ಲ.

ಮನೆಗೆ ಬಂದು ಮಾದೇವಿ ಲೆಕ್ಕ ಹಾಕಿದಳು. ಸೋರದ ಬೂಟು ಸಿಕ್ಕಿದರೆ ಕಾಲೂ ಉಳಿಯುತ್ತದೆ, ಕಸುಬೂ ಉಳಿಯುತ್ತದೆ. ಸಿಗದಿದ್ದರೆ ಎರಡರಲ್ಲಿ ಒಂದು ಹೋಗುತ್ತದೆ. ತಾನು ನಡೆಯುವ ಹಾಗಿಲ್ಲ, ಕಳಿಸಲು ಇರುವವನು ಒಬ್ಬನೇ. ದೇವರ ಮೇಲೆ ಭಾರ ಹಾಕಿ ಮಗನನ್ನು ಕರೆದಳು.

"ಶಾನಭಾಗರ ಹತ್ರ ಹೋಗು. ಬೂಟು ಸೋರ್ತದೆ ಅಂತ ಹೇಳು. ಅಷ್ಟೇ ಹೇಳು, ಹೆಚ್ಚು ಮಾತು ಬೇಡ."

ಜಟ್ಟಪ್ಪ ಬೂಟು ಹಿಡಿದುಕೊಂಡು ಹೊರಟ. ದೋಣಿ ದಾಟಿದ, ಬಸ್ಸು ಹತ್ತಿದ, ಪೇಟೆಗೆ ಬಂದ.

"ಬೂಟು ಸೋರ್ತದೆ," ಅಂದ.

"ಯಾರ ಬೂಟು?" ಅಂದರು ಶಾನಭಾಗರು.

"ಬೂಟು ಸೋರ್ತದೆ."

"ಎಲ್ಲಿ ಸೋರ್ತದೆ ಅಂತ ಹೇಳೋ."

"ಬೂಟು ಸೋರ್ತದೆ."

ಶಾನಭಾಗರು ಬೂಟು ತಿರುಗಿಸಿ ನೋಡಿದರು, ಒಳಗೆ ಕೈ ಹಾಕಿದರು. ಒಣಗಿತ್ತು. ಒಣಗಿದ್ದು ಕಂಡು ಅವರಿಗೆ ಸಮಾಧಾನವಾಯಿತು. "ನೀರೆಲ್ಲಿ? ಬಾಯಲ್ಲಿ ಹೇಳಿದರೆ ಆಗ್ತದಾ? ಬೂಟಿನ ಒಳಗೆ ನೀರು ತೋರಿಸು, ಮರುಮಾತಿಲ್ಲದೆ ಬದಲಿಸಿ ಕೊಡ್ತೇನೆ. ಉಪೇಂದ್ರ ಶಾನಭಾಗನ ಗ್ಯಾರಂಟಿ ಅಂದರೆ ಗ್ಯಾರಂಟಿ."

ಜಟ್ಟಪ್ಪನಿಗೆ ಈ ಮಾತು ನ್ಯಾಯ ಅನ್ನಿಸಿತು. ಬಂದು ತಾಯಿಗೆ ಹೇಳಿದ.

"ಹಾಗಲ್ಲವೋ ತಮಾ," ಅಂದಳು ಮಾದೇವಿ. "ನೀರು ತೋರಿಸು ಅಂದರೆ ಬೂಟಿಗೆ ನೀರು ತುಂಬಿ ತೋರಿಸಬೇಕಪ್ಪಾ. ಅಷ್ಟು ಗೊತ್ತಾಗೋದಿಲ್ವಾ?"

"ಈಗ ಗೊತ್ತಾಯ್ತು."

ಮರುದಿನ ಜಟ್ಟಪ್ಪ ಹೊರಡುವಾಗ ಅಳಿವೆಗೆ ಹೋಗಿ ಎರಡೂ ಬೂಟಿಗೆ ಕಂಠಮಟ್ಟ ನೀರು ತುಂಬಿಕೊಂಡ. ಮಕ್ಕಳನ್ನು ಎತ್ತಿಕೊಂಡ ಹಾಗೆ ಎರಡು ಕಂಕುಳಿಗೆ ಎರಡು ಬೂಟು. ದೋಣಿ ದಾಟಿದ, ಬಸ್ಸು ಹತ್ತಿದ. ಬಸ್ಸಿನಲ್ಲಿ ಜನವೋ ಜನ. ಅವನು ನಿಂತ ಜಾಗದ ಪಕ್ಕದ ಸೀಟಿನಲ್ಲಿ ಗಣಪಯ್ಯ ಮಾಸ್ತರರು, ಅಣ್ಣನ ಮಗಳ ಮದುವೆಗೆ ಹೊರಟವರು, ಬಿಳೀ ಪಂಚೆ, ಬಿಳೀ ಅಂಗಿ. ಎಡಗಾಲಿನ ಬೂಟು ತನ್ನ ಕೆಲಸ ಶುರು ಮಾಡಿತು.

"ಎಂತದೋ ಇದು ಸುರೀತಾ ಇರೋದು?"

"ನೀರು, ಮಾಸ್ತರೇ. ಶಾನಭಾಗರಿಗೆ."

"ಶಾನಭಾಗರಿಗೆ ಆದರೆ ನನ್ನ ಮೇಲೆ ಎಂತಕ್ಕೋ?"

ಬಲಗಾಲಿನದ್ದು ತಿರುವಿನಲ್ಲಿ ಮಗುಚಿ ಪೂರ್ತಿ ಚೆಲ್ಲಿತು. ಕಂಡಕ್ಟರು ಬೈದ, ಮೀನಿನ ಬುಟ್ಟಿಯ ಹೆಂಗಸರು ನಕ್ಕರು, ಮಾಸ್ತರರು ಅರ್ಧ ದಾರಿಯಲ್ಲಿ ಇಳಿದು ಮನೆಗೆ ವಾಪಸು ಹೋದರು. ಜಟ್ಟಪ್ಪ ಮಾತ್ರ ನಿಯತ್ತಿನಿಂದ ಬೂಟು ಹಿಡಿದುಕೊಂಡೇ ನಿಂತಿದ್ದ. ಅಂಗಡಿ ತಲುಪಿದಾಗ ಎಡಗಾಲಿನ ಬೂಟಿನಲ್ಲಿ ಒಂದು ತೊಟ್ಟು ಉಳಿದಿರಲಿಲ್ಲ. ಶಾನಭಾಗರು ಅದನ್ನು ಕವುಚಿದರು. ಒಂದಿಷ್ಟು ಕೆಸರು ಬಿತ್ತು, ಹಿಂದೆಯೇ ಒಂದು ಸಣ್ಣ ಏಡಿ ಬಿದ್ದು ಗಲ್ಲಾಪೆಟ್ಟಿಗೆಯ ಕಡೆ ನಡೆಯಿತು.

"ನೀರೆಲ್ಲಿ?"

"ಬರುವಾಗ ಇತ್ತು ಒಡೆಯರೇ. ಬಸ್ಸಿನಲ್ಲಿ ಸೋರಿಹೋಯ್ತು."

"ಸೋರಿದ್ದನ್ನು ನಾನು ನೋಡಲಿಲ್ಲವಲ್ಲ," ಅಂದರು ಶಾನಭಾಗರು.

ನೋಡಿ, ಎಂಥ ಮಾತು. ಬೂಟು ಸೋರುತ್ತದೆ ಅಂತ ತೋರಿಸಲು ಅದರೊಳಗೆ ನೀರು ನಿಲ್ಲಬೇಕು. ನೀರು ನಿಂತರೆ ಬೂಟು ಸೋರುವುದಿಲ್ಲ ಅಂತಾಯಿತು. ಇದಕ್ಕೆ ಉತ್ತರ ಕೊಡುವ ಬುದ್ಧಿ ನಿಮಗೂ ಇಲ್ಲ, ಜಟ್ಟಪ್ಪನಿಗೆ ಎಲ್ಲಿಂದ ಬರಬೇಕು?

"ಮತ್ತೆ ಇದೇನೋ ಈ ಗಲೀಜು?" ಶಾನಭಾಗರು ಏಡಿಯನ್ನು ಅಳತೆಪಟ್ಟಿಯಿಂದ ಆಚೆ ದೂಡಿದರು. "ಕಂಪನಿಗೆ ಹೋಗಬೇಕಾದ ಮಾಲು ಇದು. ಅಂಗಡಿಗೆ ತರುವ ವಸ್ತುವನ್ನು ಸೋಪು ಹಾಕಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ ತರಬೇಕು. ಗ್ಯಾರಂಟಿ ಕಾರ್ಡು ಎಲ್ಲಿ? ಹೋಗು, ಕಾರ್ಡು ತಗೊಂಡು ಬಾ."

ಜಟ್ಟಪ್ಪ ಬಂದು ಹೇಳಿದ. ಮಾದೇವಿ ತಲೆ ಚಚ್ಚಿಕೊಂಡಳು.

"ತುಂಬಿ ತೋರಿಸು ಅಂದರೆ ಅಲ್ಲೇ ತುಂಬಬೇಕಲ್ಲವೋ ಮಾರಾಯ. ನಿನ್ನ ತಲೇಲಿ ಎಂತ ಅದೆ, ಹೊಯ್ಗೆಯಾ? ಹೋಗಲಿ, ಮೊದಲು ಅವರು ಹೇಳಿದ ಹಾಗಾದರೂ ಮಾಡು. ಕಾರ್ಡು ಅಕ್ಕಿಡಬ್ಬಿಯಲ್ಲಿ ಅದೆ."

ಅವರು ಹೇಳಿದ ಹಾಗೆ ಮಾಡು ಅಂದಮೇಲೆ ಮುಗಿಯಿತು. ಜಟ್ಟಪ್ಪ ಅಕ್ಕಿಡಬ್ಬಿಯಿಂದ ಕಾರ್ಡು ತೆಗೆದ. ಅಂಗಡಿಗೆ ಒಯ್ಯುವ ವಸ್ತು. ಬಾವಿಕಟ್ಟೆಗೆ ಒಯ್ದು ನೀಲಿ ಸೋಪು ಹಾಕಿ ತಿಕ್ಕಿದ. ಶಾನಭಾಗರ ಮೊಹರು ಸ್ವಲ್ಪ ಗಟ್ಟಿ ಹಿಡಿದುಕೊಂಡಿತ್ತು, ಅದನ್ನು ತೆಂಗಿನ ಸಿಪ್ಪೆ ಹಾಕಿ ಉಜ್ಜಿದ. ಹಗ್ಗಕ್ಕೆ ಹಾಕಿ ಚಿಮಟಿ ಸಿಕ್ಕಿಸಿ ಒಣಗಿಸಿದ. ದೋಣಿ ದಾಟಿದ, ಬಸ್ಸು ಹತ್ತಿದ, ಪೇಟೆಗೆ ಬಂದ. ಶಾನಭಾಗರು ಫೋನಿನಲ್ಲಿದ್ದರು. ಕಂಪನಿಯವನ ಹತ್ತಿರ ಮಾತು. ಎದುರಿಗೆ ಜಟ್ಟಪ್ಪ ಬಂದು ನಿಂತದ್ದು ಕಂಡರು, ಇವನು ತಾನೆ ಅಂತ ದನಿ ಕೂಡ ತಗ್ಗಿಸಲಿಲ್ಲ.

"ಆ ಕರೀ ಪಟ್ಟಿಯ ಮಾಲು ಪೂರ್ತಿ ಸೋರ್ತದೆ ಮಾರಾಯ್ರೇ. ನೀವು ವಾಪಸು ತಗೊಳ್ಳೋದಿಲ್ಲ ಅಂದ್ರೆ ನಾನು ಎಂತ ಮಾಡ್ಲಿ? ಹ್ಞಾಂ? ಆಯ್ತು ಬಿಡಿ, ಇದ್ದಷ್ಟು ಮಾರಿ ಮುಗಿಸ್ತೇನೆ. ಕೇಳಲು ಬಂದವರನ್ನು ಮೂರ್ನಾಲ್ಕು ಸಲ ಓಡಾಡಿಸಿದರೆ ಸಾಕು, ಆಮೇಲೆ ಬರೋದಿಲ್ಲ."

ಶಾನಭಾಗರು ವ್ಯಾಪಾರದಲ್ಲಿ ಪಳಗಿದವರು, ಅವರ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಓಡಾಡಿಸಿದರೆ ಯಾರಾದರೂ ಸುಸ್ತಾಗುತ್ತಾರೆ. ಹೇಳಿದ ಹಾಗೆ ಮಾಡುವವನು ಸುಸ್ತಾಗುವುದಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಫೋನು ಇಟ್ಟು ಕಾರ್ಡು ಕೈಗೆ ತಗೊಂಡರು. ಮುಂದೆ ನೋಡಿದರು, ಹಿಂದೆ ನೋಡಿದರು. ಎರಡೂ ಕಡೆ ಬೆಳ್ಳಗಿತ್ತು.

"ಇದರಲ್ಲಿ ಬರೆದದ್ದು ಎಲ್ಲಿ ಹೋಯ್ತು?"

"ತೊಳೆದೆ ಒಡೆಯರೇ. ಮೊಹರು ಹೋಗಲು ಸ್ವಲ್ಪ ತ್ರಾಸಾಯ್ತು."

ಶಾನಭಾಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ಮೇಲೆ ಮನಸ್ಸು ಕೊಂಚ ಮೆತ್ತಗಾಯಿತು. ಸೈಕಲ್ ಟ್ಯೂಬಿಗೆ ಹಚ್ಚುವ ಅಂಟಿನ ಒಂದು ಕೊಳವೆಯನ್ನು ಕೊಟ್ಟರು. "ತಗೋ, ಇದು ನನ್ನ ಲೆಕ್ಕದ ಸರ್ವೀಸು. ನೀರು ಒಳಗೆ ಹೋಗುವ ಜಾಗ ಯಾವುದು ನೋಡಿ ಅಲ್ಲಿ ಇದನ್ನು ಹಚ್ಚಿ ಗಟ್ಟಿ ಒತ್ತಿ ಹಿಡಿ. ಮುಚ್ಚಿಹೋಗ್ತದೆ."

ಬಿಳೀ ಕಾರ್ಡು ಕಂಡು ಮಾದೇವಿಗೆ ಅಳುವೇ ಬಂತು. ಅಕ್ಕಿಡಬ್ಬಿಯೂ ತಳ ಕಂಡಿತ್ತು, ಗಂಜಿ ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿತ್ತು. "ನೀರು ತಾಗಬಾರದ ವಸ್ತುವನ್ನು ಚೀಲಕ್ಕೆ ಹಾಕಿ ಬಾಯಿ ಗಟ್ಟಿ ಮುಚ್ಚಬೇಕೋ. ಬಾಯಿ ಮುಚ್ಚಿದ್ದರೆ ನೀರು ಎಲ್ಲಿಂದ ಒಳಗೆ ಹೋಗ್ತದೆ?" ಅಂದಳು. ಅಂದು, ಗೋಡೆ ಕಡೆ ತಿರುಗಿ ಮಲಗಿದಳು.

ಜಟ್ಟಪ್ಪ ಬೂಟು ಮುಂದಿಟ್ಟುಕೊಂಡು ಕೂತ. ತಾಯಿ ಅತ್ತದ್ದು ಅವನಿಗೆ ಸಹಿಸಲಾಗಲಿಲ್ಲ. ಈ ಸಲ ತಪ್ಪಬಾರದು. ನೀರು ಒಳಗೆ ಹೋಗುವ ಜಾಗ ಯಾವುದು? ಅಟ್ಟೆಯ ಹತ್ತಿರ ಒಂದು ಕೂದಲೆಳೆಯ ಸೀಳು ಇತ್ತು. ಮೇಲೆ ನೋಡಿದರೆ ಎರಡು ಕೈ ತೂರುವಷ್ಟು ದೊಡ್ಡ ಬಾಯಿ. ಯಾವುದರಿಂದ ಹೆಚ್ಚು ನೀರು ಹೋಗುತ್ತದೆ ಅಂತ ಪೆದ್ದನಿಗೂ ಗೊತ್ತಾಗುತ್ತದೆ. ಕೊಳವೆ ಬರಿದಾಗುವವರೆಗೆ ಎರಡೂ ಬೂಟಿನ ಬಾಯಿಗೆ ಅಂಟು ಹಚ್ಚಿದ, ಗಟ್ಟಿ ಒತ್ತಿ ಹಿಡಿದ, ಮೇಲೆ ರುಬ್ಬುವ ಕಲ್ಲು ಹೇರಿದ.

ಬೆಳಿಗ್ಗೆ ಮಾದೇವಿ ಕಾಲು ತೂರಿಸಲು ಹೋದಳು. ತೂರಲಿಲ್ಲ.

"ಹೇಳಿದ ಹಾಗೆ ಮಾಡ್ದೆ ಅಬ್ಬೇ. ಇನ್ನು ಒಂದು ಹನಿ ಹೋಗೋದಿಲ್ಲ."

"ನನ್ನ ಕಾಲೂ ಹೋಗೋದಿಲ್ಲವಲ್ಲೋ!"

ಅವಳಿಗೆ ಈಗ ನಿಜವಾಗಿ ಸಿಟ್ಟು ಬಂದದ್ದು ಮಗನ ಮೇಲಲ್ಲ. ತೆಂಗಿನೆಣ್ಣೆ ಸವರಿ, ಕತ್ತಿಯಲ್ಲಿ ಬೂಟಿನ ಬಾಯಿ ಬಿಡಿಸಿದಳು. ಅಂಚಿಗೆಲ್ಲ ಹಳದಿ ಅಂಟಿನ ಕಲೆ ಉಳಿಯಿತು. ಬೂಟನ್ನು ಮಗನ ಕೈಗೆ ಕೊಟ್ಟಳು.

"ಕೇಳು ತಮಾ. ಮೂಲೆಯಲ್ಲಿ ನಿಂತು ಬೇಡ್ಕೊಂಡದ್ದು ಸಾಕು. ಅಂಗಡಿ ನಡುವೆ ನಿಲ್ಲು. ಹತ್ತು ಜನ ಇರುವಾಗ ನಿಲ್ಲು. ಶಾನಭಾಗರು ನಿನಗೆ ಎಂತೆಂತ ಹೇಳಿದರು ಅದನ್ನೆಲ್ಲ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳು. ಒಂದು ಮಾತೂ ಬಿಡಬೇಡ."

ದೋಣಿ ದಾಟಿದ, ಬಸ್ಸು ಹತ್ತಿದ, ಪೇಟೆಗೆ ಬಂದ. ಅಂಗಡಿಯಲ್ಲಿ ಆರು ಜನ ಇದ್ದರು. ಜಟ್ಟಪ್ಪ ನಡುವೆ ನಿಂತು ಕಾದ. ಎಂಟಾಯಿತು. ಒಬ್ಬ ಹೋದ, ಏಳಾಯಿತು. ಊಟದ ಹೊತ್ತು ಬಂತು, ಅವನು ಅಲ್ಲಾಡಲಿಲ್ಲ. ಕಡೆಗೆ ಸಿಗಡಿ ಕೆರೆಯ ಮಾಲಿಕರು ತಮ್ಮ ಆಳುಗಳಿಗೆಲ್ಲ ಬೂಟು ಕೊಳ್ಳಲು ಮೇಸ್ತ್ರಿಗಳನ್ನು ಕರೆದುಕೊಂಡು ಒಳಗೆ ಬಂದರು. ಜಟ್ಟಪ್ಪ ಬೆರಳು ಮಡಿಸಿ ಎಣಿಸಿದ. ಹತ್ತು. ಗಂಟಲು ಸರಿಮಾಡಿಕೊಂಡ.

"ನೀರೆಲ್ಲಿ? ಬೂಟಿನ ಒಳಗೆ ನೀರು ತೋರಿಸು, ಮರುಮಾತಿಲ್ಲದೆ ಬದಲಿಸಿ ಕೊಡ್ತೇನೆ," ಅಂತ ಶುರು ಮಾಡಿದ. ಒಂದು ಮಾತೂ ಬಿಡಲಿಲ್ಲ. ಏಡಿಯ ಮಾತು ಹೇಳಿದ, ಸೋಪಿನ ಮಾತು ಹೇಳಿದ. ಶಾನಭಾಗರು ಮೊದಮೊದಲು ನಗುತ್ತಲೇ ಇದ್ದರು. ಅಷ್ಟರಲ್ಲಿ ಜಟ್ಟಪ್ಪ ಕೈಯನ್ನು ಕಿವಿಗೆ ಹಿಡಿದು, ಫೋನಿನ ದನಿಯಲ್ಲಿ, "ಆ ಕರೀ ಪಟ್ಟಿಯ ಮಾಲು ಪೂರ್ತಿ ಸೋರ್ತದೆ ಮಾರಾಯ್ರೇ," ಅಂದ.

ಮಾಲಿಕರ ಕೈಯಲ್ಲಿ ಕರೀ ಪಟ್ಟಿಯ ಬೂಟೇ ಇತ್ತು. ಅವರು ಅದನ್ನು ಮೆಲ್ಲಗೆ ಕೆಳಗಿಟ್ಟರು.

"ಸಾಕು ತಮ್ಮಾ, ಸಾಕು," ಅಂದರು ಶಾನಭಾಗರು.

"ಇನ್ನೂ ಅದೆ ಒಡೆಯರೇ. ಕೇಳಲು ಬಂದವರನ್ನು ಮೂರ್ನಾಲ್ಕು ಸಲ..."

ಶಾನಭಾಗರು ಏಣಿ ಹತ್ತಿದ ವೇಗ ಅವರ ವಯಸ್ಸಿಗೆ ತಕ್ಕದ್ದಾಗಿರಲಿಲ್ಲ. ಅಟ್ಟದ ಮೇಲಿನಿಂದ ಬೇರೆ ಕಂಪನಿಯ, ಕೆಂಪು ಪಟ್ಟಿಯ ಒಂದು ಜೊತೆ ಬೂಟು ಇಳಿಸಿದರು. ತಾವೇ ಬಕೆಟ್ಟಿನಲ್ಲಿ ಅದ್ದಿ ತೋರಿಸಿದರು. "ಇದು ಅಸಲಿ ಮಾಲು. ಒಳಗೆ ನೀರು ಕಂಡರೆ ಯಾವಾಗ ಬೇಕಾದರೂ ಬಾ, ಇಷ್ಟು ಜನರ ಎದುರಿಗೆ ಹೇಳ್ತಾ ಇದ್ದೇನೆ," ಅಂದರು. ಜಟ್ಟಪ್ಪನ ಹಳೇ ಬೂಟು ಮೇಜಿನ ಕೆಳಗೆ ಹೋಯಿತು.

ಮಾದೇವಿ ಕೆಂಪು ಪಟ್ಟಿಯ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮಗನ ಬೆನ್ನು ಸವರಿದಳು. ಹೆತ್ತದ್ದಕ್ಕೆ ಮೊದಲ ಸಲ ಸಾರ್ಥಕ ಅನ್ನಿಸಿತು ಅವಳಿಗೆ.

ಮರುದಿನದ ಇಳಿತಕ್ಕೆ ಊರ ಹೆಂಗಸರೆಲ್ಲ ನೀರಿಗಿಳಿದರು. ಮಾದೇವಿ ಹೊಸ ಬೂಟು ಏರಿಸಿ, ಸೊಂಟಕ್ಕೆ ಪಾತ್ರೆ ಕಟ್ಟಿ, ದಡಕ್ಕೆ ಬಂದು ಇನ್ನೇನು ಕಾಲಿಡಬೇಕು, ಹಿಂದಿನಿಂದ ಎರಡು ಕೈ ಬಂದು ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡವು.

"ಏಯ್, ಬಿಡೋ, ಎಂತ ಮಾಡ್ತೆ?"

"ಅಮ್ಮನ ಕಾಲು ನೀರಿಗೆ ಇಳಿಯಬಾರದು. ನೋಡಿಕೊಳ್ಳೋದು ನನ್ನ ಜವಾಬ್ದಾರಿ."

"ಬೂಟು ಹಾಕಿದ್ದೇನಲ್ಲೋ!"

"ಡಾಕ್ಟರಮ್ಮ ಬೂಟಿನ ಮಾತು ಹೇಳಲಿಲ್ಲ."

ಮಾದೇವಿ ಅವನ ತಲೆಗೆ ಗುದ್ದಿದಳು, ಕಿವಿ ಹಿಂಡಿದಳು. ಅವನು ತಾಯಿಯನ್ನು ಹೊತ್ತುಕೊಂಡೇ ಅಳಿವೆಗೆ ಇಳಿದ. ಹೆಂಗಸರು ಬಳಚು ತೆಗೆಯುವುದನ್ನು ಬಿಟ್ಟು ನೋಡಿದರು. ನೀರು ಜಟ್ಟಪ್ಪನ ಮೊಣಕಾಲಿಗೆ, ಮಾದೇವಿ ಆಕಾಶದಲ್ಲಿ. ಸಮುದ್ರಕ್ಕೇ ಇಳಿ ಅಂದಿದ್ದ ಬೂಟಿಗೆ ಗಾಳಿ ಬಿಟ್ಟು ಬೇರೇನೂ ತಾಗಲಿಲ್ಲ. ಗುದ್ದಿ ಗುದ್ದಿ ಕೈ ಸೋತ ಮೇಲೆ ಅವಳು ಸುಮ್ಮನೆ ಕೂತಳು. ಮೇಲೆ ಕೂತು ಮಾಡುವುದಾದರೂ ಏನು? ಕೆಳಗೆ ನೋಡಿದಳು. ಕೆಸರಿನಲ್ಲಿ ಬಳಚು ಇರುವ ಜಾಗ ಮೇಲಿನಿಂದ ಅಂಗೈಯಷ್ಟು ಸ್ಪಷ್ಟ ಕಾಣುತ್ತಿತ್ತು.

"ಎಡಗಾಲು ಮುಂದಿಡು," ಅಂದಳು.

ಇಟ್ಟ.

"ಕಾಲಿಗೆ ತಾಗ್ತಾ?"

"ತಾಗ್ತು."

"ಬಗ್ಗು. ತೆಗೆ. ಬಾಯಿ ಮುಚ್ಚಿದೆಯಾ?"

"ಮುಚ್ಚಿದೆ."

"ನನ್ನ ಕೈಗೆ ಕೊಡು."

ಕೊಟ್ಟ. ಮಾದೇವಿ ಬಳಚನ್ನು ಸೊಂಟದ ಪಾತ್ರೆಗೆ ಹಾಕಿದಳು. ಇಷ್ಟು ವರ್ಷ ಮಗನಿಗೆ ಬೆಳಿಗ್ಗೆ ಹೇಳಿ ಸಂಜೆ ಬೈದಿದ್ದಳು. ಹೇಳುವುದಕ್ಕೂ ಮಾಡುವುದಕ್ಕೂ ನಡುವೆ ಜಾಗವೇ ಇಲ್ಲದಿದ್ದರೆ ಇವನು ತಪ್ಪುವುದಿಲ್ಲ ಅಂತ ಅವಳಿಗೆ ಅವತ್ತು ಗೊತ್ತಾಯಿತು. ಆ ದಿನ ಪಾತ್ರೆ ಬೇರೆ ಎಲ್ಲರಿಗಿಂತ ಬೇಗ ತುಂಬಿತು.

ಹಾಗೆ ಶುರುವಾದ ಸವಾರಿ ದಿನಾ ನಡೆಯಿತು. ಗಂಜಿ ಗಟ್ಟಿಯಾಯಿತು, ಗಂಜಿಯ ಪಕ್ಕಕ್ಕೆ ಬಳಚಿನ ಸುಕ್ಕವೂ ಬಂತು. ಗಾಯ ಕಟ್ಟು ಬಿಚ್ಚುವಷ್ಟು ಒಣಗಿತು. ಒಣಗಿದೆ, ಇನ್ನು ಹೆದರಿಕೆ ಇಲ್ಲ ಅಂತ ಡಾಕ್ಟರಮ್ಮ ಮಾದೇವಿಗೊಬ್ಬಳಿಗೇ ಹೇಳಿದರು. ಆ ಮಾತನ್ನು ಮಾದೇವಿ ಮನೆಗೆ ತರಲಿಲ್ಲ. ಮೇಲೆ ಗಾಳಿ ಚೆನ್ನಾಗಿರುತ್ತಿತ್ತು. ಮಗನ ಹೆಗಲು ಅಷ್ಟು ಅಗಲ ಅಂತ ಅವಳಿಗೆ ಮುಂಚೆ ಗೊತ್ತೇ ಇರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಚಂದವಿತ್ತು. ಆದರೆ ಜಟ್ಟಪ್ಪ ಇರುವ ಕಡೆ ಯಾವುದು ಇಲ್ಲಿಗೆ ಮುಗಿದದ್ದುಂಟು?

ಒಂದು ದಿನ ಅಳಿವೆಯ ನಡುವೆ ಮಾದೇವಿ "ನಿಲ್ಲು" ಅಂದಳು. ಜಟ್ಟಪ್ಪ ನಿಂತ. ಪಕ್ಕದ ದೋಣಿಯ ನಾಗಮ್ಮನ ಹತ್ತಿರ ಮಾತಿಗೆ ಶುರು ಮಾಡಿದಳು. ಯಾರ ಮಗಳಿಗೆ ಎಲ್ಲಿಯ ಸಂಬಂಧ, ಗಣಪಯ್ಯ ಮಾಸ್ತರರು ಯಾಕೆ ಮದುವೆಗೆ ಬರಲಿಲ್ಲ, ಹೀಗೆ ಮಾತು ಬೆಳೆಯಿತು. ಇಳಿತ ಮುಗಿದು ಸಮುದ್ರದ ಭರತ ಏರಿತು. ನಾಗಮ್ಮ ದೋಣಿ ತಿರುಗಿಸಿ ಹೋದಳು. ನೀರು ಜಟ್ಟಪ್ಪನ ಸೊಂಟ ದಾಟಿ ಎದೆಗೆ ಬಂತು. ಮಾದೇವಿ ನೋಡಿದರೆ ಇವನು ನಿಂತಲ್ಲೇ ನಿಂತಿದ್ದಾನೆ.

"ಎಂತಕ್ಕೋ ಹೀಗೆ ನಿಂತಿದ್ದೆ?"

"ನಿಲ್ಲು ಅಂದೆಯಲ್ಲ."

"ಅಯ್ಯೋ ನಿನ್ನ! ಸಾಕು ನಿನ್ನ ಸವಾರಿ. ಇಳಿಸು ನನ್ನ!"

ಹೇಳುವುದಕ್ಕೂ ಮಾಡುವುದಕ್ಕೂ ನಡುವೆ ಜಾಗ ಇರಲಿಲ್ಲ. ಡಾಕ್ಟರಮ್ಮನ ಮಾತು ನೆನಪಾಗುವಷ್ಟೂ ಇರಲಿಲ್ಲ. ಜಟ್ಟಪ್ಪ ತಾಯಿಯನ್ನು ಮೆಲ್ಲಗೆ, ಭದ್ರವಾಗಿ, ಎದೆಮಟ್ಟದ ನೀರಿನ ನಡುವೆ ಇಳಿಸಿದ.

ಮೇಲಿನ ಬಾಯಿಂದ ನೀರು ಗಳಗಳ ಬೂಟಿಗೆ ಇಳಿಯಿತು. ಅಸಲಿ ಮಾಲು, ಇಳಿದ ನೀರನ್ನು ಹೊರಗೆ ಬಿಡಲೇ ಇಲ್ಲ. ಮಾದೇವಿ ಒಂದು ಹೆಜ್ಜೆ ಎತ್ತಲಾರಳು. ನಾಗಮ್ಮ ದೋಣಿ ವಾಪಸು ತಂದಳು, ಹೆಂಗಸರು ಕೂಡಿ ಎಳೆದರು, ಜಟ್ಟಪ್ಪ ದೂಡಿದ. ದಡಕ್ಕೆ ಬಂದು ಅವಳು ಬೂಟಿನಿಂದ ಕಾಲು ಕಿತ್ತುಕೊಂಡಾಗ ಎರಡೂ ಬೂಟು ಬಾಯಿಮಟ್ಟ ನೀರು ತುಂಬಿಕೊಂಡು ಮರಳಿನಲ್ಲಿ ನೆಟ್ಟಗೆ ನಿಂತವು. ಮಾದೇವಿ ಮೊದಲು ಹಿಮ್ಮಡಿ ನೋಡಿಕೊಂಡಳು. ಗಾಯದ ಗುರುತು ಗಟ್ಟಿಯಾಗಿ ಮುಚ್ಚಿಯೇ ಇತ್ತು. ಜೀವ ಬಂತು, ಜೊತೆಗೆ ಸಿಟ್ಟೂ ಬಂತು.

"ನೋಡು, ಬೂಟಿನ ಒಳಗೆ ನೀರು! ಹೋಗು, ತಗೊಂಡು ಹೋಗಿ ತೋರಿಸು ನಿನ್ನ ಶಾನಭಾಗರಿಗೆ!"

ಅಂದು, ಹಿಂಡುತ್ತಾ ಹಿಂಡುತ್ತಾ ಸೀರೆ ಬದಲಿಸಲು ಮನೆಗೆ ಹೋದಳು.

ಜಟ್ಟಪ್ಪ ಎರಡು ಕಂಕುಳಿಗೆ ಎರಡು ಬೂಟು ಏರಿಸಿದ. ದೋಣಿ ದಾಟಿದ, ಬಸ್ಸು ಹತ್ತಿದ. ಹಿಂದೆ ಕಲಿತವನು, ಈ ಸಲ ಎರಡೂ ಬಾಯಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದಿದ್ದ. ಬಸ್ಸಿನಲ್ಲಿ ಯಾರ ಪಂಚೆಗೂ ಒಂದು ತೊಟ್ಟು ಬೀಳಲಿಲ್ಲ. ಪೇಟೆಗೆ ಬಂದ. ಅಂಗಡಿ ತುಂಬಾ ಜನ. ಬೂಟನ್ನು ಶಾನಭಾಗರ ಮೇಜಿನ ಮೇಲೆ ಇಟ್ಟು ಬಾಯಿ ಬಿಡಿಸಿ ತೋರಿಸಿದ.

"ನೀರು, ಒಡೆಯರೇ."

ಶಾನಭಾಗರು ಬಗ್ಗಿ ನೋಡಿದರು. ನೀರು ತುಳುಕಾಡುತ್ತಿತ್ತು. ಬೂಟಿನ ಕೆಳಗೆ ಕೈ ಸವರಿದರು, ಒಣಗಿತ್ತು. ಅವರಿಗೆ ಎಲ್ಲಾ ಅರ್ಥವಾಯಿತು, ಅರ್ಥವಾದದ್ದನ್ನು ಮುಖದ ಮೇಲೆ ಬರಗೊಡಲಿಲ್ಲ. ಎದ್ದು ನಿಂತು ಗಿರಾಕಿಗಳ ಕಡೆ ಕೈ ಚಾಚಿದರು.

"ಎಲ್ಲರೂ ನೋಡಿ. ಮಾತು ಕೊಟ್ಟಿದ್ದೆ, ಬೂಟಿನ ಒಳಗೆ ನೀರು ಕಂಡಿದೆ. ಕಾರ್ಡು ಕೇಳೋದಿಲ್ಲ, ಮರುಮಾತಿಲ್ಲ. ನಾಳೆ ಯಾರೂ ನನ್ನ ಗ್ಯಾರಂಟಿ ಸುಳ್ಳು ಅನ್ನಬಾರದು."

ಕೆಂಪು ಪಟ್ಟಿಯ ಬೂಟಿನ ನೀರು ಚೆಲ್ಲಿ, ಒರೆಸಿ, ಅಟ್ಟಕ್ಕೆ ಏರಿಸಿದರು. ಮೇಜಿನ ಕೆಳಗೆ ಕೈ ಹಾಕಿ ಒಂದು ಜೊತೆ ಬೂಟು ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟರು. ಜಟ್ಟಪ್ಪ ಕೈ ಮುಗಿದ. ಇಷ್ಟು ಸಲೀಸಾಗಿ ಕೆಲಸ ಆದದ್ದು ಅವನಿಗೆ ಇದೇ ಮೊದಲು.

ಹಾಡು ಹೇಳುತ್ತಾ ಮನೆಗೆ ಬಂದ. ಮಾದೇವಿ ಕಾಗದ ಬಿಚ್ಚಿದಳು. ಕರೀ ಪಟ್ಟಿ. ಬಾಯಿಯ ಅಂಚಿಗೆಲ್ಲ ಹಳದಿ ಅಂಟಿನ ಕಲೆ, ಕತ್ತಿ ಆಡಿಸಿದ ಗೀರು. ಎಡಗಾಲಿನ ಅಟ್ಟೆಯಲ್ಲಿ ಕೂದಲೆಳೆಯ ಅದೇ ಸೀಳು.

"ತೋರಿಸ್ದೆ ಅಬ್ಬೇ. ಒಂದು ಮಾತೂ ಆಡದೆ ಬದಲಿಸಿ ಕೊಟ್ಟರು."

ಮಾದೇವಿ ಬೂಟನ್ನು ನೋಡಿದಳು, ಮಗನನ್ನು ನೋಡಿದಳು. ಬೈಯಲು ಬಾಯಿ ತೆರೆದಳು. ಬೈದರೆ ಬೈಗುಳದ ಕೊನೆಗೆ ಒಂದು ಬುದ್ಧಿಮಾತು ಬರುತ್ತದೆ, ಬಂದರೆ ಅದನ್ನೂ ಇವನು ಮಾಡುತ್ತಾನೆ. ಬಾಯಿ ಮುಚ್ಚಿಕೊಂಡಳು. ಗಂಜಿ ಬಡಿಸಿದಳು.

ಮರುದಿನ ಇಳಿತದ ಹೊತ್ತಿಗೆ ಸೋರುವ ಬೂಟನ್ನೇ ಏರಿಸಿಕೊಂಡು ದಡಕ್ಕೆ ಬಂದಳು. ನಾಗಮ್ಮ ಕಂಡು ಗಾಬರಿಯಾಗಿ, "ಅಕ್ಕಾ, ಅದು ಸೋರೋದಲ್ಲವಾ?" ಅಂದಳು.

"ಸೋರ್ಲಿ ಬಿಡೆ," ಅಂದಳು ಮಾದೇವಿ. ಮಗನ ಕಡೆ ತಿರುಗಿದಳು. "ಬಗ್ಗು."

ಜಟ್ಟಪ್ಪ ಬಗ್ಗಿದ.